ಪೆಡಲಿನ ಮೇಲಿನ ಹಲಗೆ

ಹೂವಪ್ಪ ಮಿಸ್ತ್ರಿ ಮೋಟಾರಿನ ಅಡಿಯಿಂದ ತೆವಳಿಕೊಂಡು ಹೊರಬಂದ. ಕೈಯಲ್ಲಿದ್ದ ಹಲಗೆಯ ತುಂಡನ್ನು ಕಟ್ಟೆಯ ಮೇಲಿಟ್ಟ. ಅಂಗೈಯಗಲದ ಹಳೆಯ ಸಾಗವಾನಿ. ತಿಕ್ಕಿ ತಿಕ್ಕಿ ನುಣುಪಾಗಿತ್ತು. ಮೂಲೆಯಲ್ಲೊಂದು ಹಿತ್ತಾಳೆಯ ಹೂಮೊಳೆ.

"ಇದನ್ನ ಕ್ಲಚ್ಚಿನ ಪೆಡ್ಲಿಗೆ ಬಿಗಿದಾರ್ರಿ ಸಾವ್ಕಾರ್ರ. ಕಾಲು ಮುಟ್ಟಲಾರದವ್ರು ಯಾರೋ ಗಾಡಿ ಹೊಡ್ಯಾಕತ್ತಾರ. ಸ್ವಲ್ಪ ಒತ್ತಿದ್ರ ಸಾಕು ಅಂತ ಕೆಳಗ ರಾಡೂ ಬಿಗಿ ಮಾಡ್ಯಾರ. ಹಂಗ ಮಾಡಿದ್ರ ಕಾಲು ತಗದ್ರೂ ಕ್ಲಚ್ಚು ಪೂರಾ ಕೂಡೂದಿಲ್ಲ. ಪ್ಲೇಟು ಜಾರಿ ಜಾರಿ ಸವೀತೈತಿ. ಈಗ ರಾಡು ಸಡ್ಲ ಮಾಡೇನಿ."

ಅಕ್ಕಿಆಲೂರಿನ ಅಕ್ಕಿ ಗಿರಣಿಯ ಮಾಲಕ ಮಹಾಲಿಂಗಪ್ಪ ಆ ತುಂಡನ್ನು ಎತ್ತಿ ನೋಡಿದ. ವರ್ಷದೊಳಗೆ ಸುಟ್ಟದ್ದು ಇದು ಎರಡನೆಯ ಪ್ಲೇಟು. ಯುದ್ಧದ ಕಾಲ; ಮುಂಬಯಿಗೆ ಬರೆದರೂ ಸಾಮಾನು ಬರುತ್ತಿರಲಿಲ್ಲ. ಈಗ ಹಾಕಿದ್ದು ಹುಬ್ಬಳ್ಳಿಯಲ್ಲಿ ಗುಜರಿಗೆ ಬಿದ್ದ ಗಾಡಿಯದು. ಇದೂ ಹೋದರೆ ಮೋಟಾರು ಕೋಳಿಗೂಡು ಮಾಡಲಿಕ್ಕೇ ಸೈ ಎಂದು ಹೂವಪ್ಪ ಹೇಳಿಯಾಗಿತ್ತು.

ಡ್ರೈವರ್ ಅಕ್ಬರಸಾಬ ಮಡ್ಗಾರ್ಡಿನ ಪಕ್ಕ ನಿಂತಿದ್ದ. ಕುಳಿತರೆ ಮೊಣಕಾಲು ಸ್ಟೇರಿಂಗಿಗೆ ತಾಗುವಷ್ಟು ಎತ್ತರದ ಆಳು. ಹಲಗೆ ಅವನಿಗಾಗಿ ಅಲ್ಲ ಎಂಬುದನ್ನು ಹೇಳುವವರೇ ಬೇಕಿರಲಿಲ್ಲ. ಯಾರಿಗೆ ಗಾಡಿ ಕೊಟ್ಟಿದ್ದಿ, ಯಾರನ್ನು ಬಾಡಿಗೆಗೆ ಕೂಡಿಸಿದ್ದಿ ಎಂದು ಮಹಾಲಿಂಗಪ್ಪ ಕೇಳಿ ಕೇಳಿ ಗಂಟಲು ಹರಿದುಕೊಂಡಿದ್ದ. ಅಕ್ಬರಸಾಬನದು ಒಂದೇ ಮಾತು: ತಪ್ಪು ನಂದರಿ.

"ಹಂಗಾದ್ರ ಕೀಲಿ ಇಟ್ಟು ನಡಿ. ನಾಳೆಯಿಂದ ನನ್ನ ಅಂಗಳ ತುಳೀಬ್ಯಾಡ."

ಬಾಗಿಲ ಹಿಂದೆ ಮಹಾಲಿಂಗಪ್ಪನ ಹೆಂಡತಿ ಸರೋಜವ್ವ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಬಾಣಂತನದಲ್ಲಿ ಅವಳಿಗೆ ಸನ್ನಿ ಏರಿದಾಗ ಗಂಡ ಹಿರೇಕೆರೂರಿನ ವ್ಯಾಪಾರದಲ್ಲಿದ್ದ. ಯಾರ ಅಪ್ಪಣೆಗೂ ಕಾಯದೆ ತುಂಬಿ ಹರಿಯುವ ಹಳ್ಳಕ್ಕೆ ಗಾಡಿ ಇಳಿಸಿ ಅವಳನ್ನು ಡಾಕ್ಟರ ಕೈಗೆ ಮುಟ್ಟಿಸಿದವನು ಇದೇ ಅಕ್ಬರಸಾಬ. ಅಂದಿನಿಂದ ಅವಳಿಗೆ ಆ ಗಾಡಿಯೆಂದರೆ ಜೀವ. ಸವಣೂರಿನ ತವರಿಗೆ ಹೋಗುವಾಗಲೆಲ್ಲ ಹಿಂದಿನ ಸೀಟಿನ ಪರದೆಯ ಸಂದಿಯಿಂದ ಅವನ ಕೈಗಳನ್ನೇ ನೋಡುವಳು. ಯಾವ ಏರಿಗೆ ಗೇರು ಯಾವ ಕಡೆ ಎಳೆಯುತ್ತಾನೆ, ತಿರುವಿನಲ್ಲಿ ಚಕ್ರ ಎಷ್ಟು ಸುತ್ತುತ್ತಾನೆ, ಎಲ್ಲ ಕಣ್ಣಿಗೆ ಕಟ್ಟಿತ್ತು. ಒಮ್ಮೆ ಗಂಡನ ಮುಂದೆ ನಾನೂ ಕಲಿಯಲೇ ಎಂದಿದ್ದಳು. ಅವನು ಊಟದ ತಾಟು ಬಿಟ್ಟು ನಕ್ಕಿದ್ದ.

ನಗದಿದ್ದವರು ಅತ್ತೆ ವೀರವ್ವ. ಹೆಣ್ಣಿನ ಕಾಲು ಹೊಸ್ತಿಲದಾಗ ಇದ್ರ ಚೆಂದ ಎಂದು ಬಾಯಿ ಮುಚ್ಚಿಸಿದ್ದರು. ಗಂಡ ಸತ್ತ ಮೇಲೆ ಆಕೆಯ ಸವಾರಿ ಒಂದೇ, ಸೋಮವಾರ ಹಾನಗಲ್ಲಿನ ದೇವರಿಗೆ. ಬೆನ್ನಿಗೆ ಬೇಕೆಂದು ಕೌದಿ ಮಡಿಸಿಕೊಂಡು ಇದೇ ಗಾಡಿ ಹತ್ತುವರು. ದೇವರು ಕಣ್ಣು ತೆರೆದನೆಂದೇ ಹೇಳಬೇಕು, ಈಚೆಗೆ ಮೊಣಕಾಲ ನೋವು ಇಳಿದಿತ್ತು. ಮಣೆ ಬ್ಯಾಡ ಎಂದು ಬರಿ ನೆಲದ ಮೇಲೇ ಕೂಡುತ್ತಿದ್ದರು. ಈಗಲೂ ಪಡಸಾಲೆಯಲ್ಲಿ ಹಾಗೆಯೇ ಕುಳಿತು ಬತ್ತಿ ಹೊಸೆಯುತ್ತಿದ್ದರು. ಹೊರಗಿನ ಮಾತಿಗೆ ತಲೆ ಎತ್ತಿರಲಿಲ್ಲ.

ಅಂಗಳದಲ್ಲಿ ಕೀಲಿಯ ಸಪ್ಪಳವಾಯಿತು.

ಸರೋಜವ್ವ ಹೊಸ್ತಿಲು ದಾಟಿದಳು. ಪರ ಗಂಡಸರೆದುರು ಅವಳು ಅಂಗಳಕ್ಕೆ ಇಳಿದದ್ದು ಅದೇ ಮೊದಲು. ಬಿಸಿಲು ಕಣ್ಣಿಗೆ ಹೊಡೆಯಿತು.

"ಅವನ್ನ ಯಾಕ ಕಳಸ್ತೀರಿ? ಆ ಹಲಗಿ ಮ್ಯಾಲೆ ಕಾಲಿಟ್ಟಾಕಿ ನಾನು."

ಹೂವಪ್ಪ ಕೈಯೊರಸುವ ಅರಿವೆ ಕೆಳಗೆ ಬೀಳಿಸಿದ. ಅಕ್ಬರಸಾಬ ಬ್ಯಾಡ್ರಿ ಅವ್ವಾರ ಎಂದು ಗೊಣಗಿದ. ಸರೋಜವ್ವನಿಗೆ ಆ ಮಾತು ಆಡಿ ಮೈ ಹಗುರಾಯಿತು. ನೋಡುತ್ತಾ ಕುಳಿತ ಅಷ್ಟು ವರ್ಷಗಳ ಮಾತು ಅದು.

ಮಹಾಲಿಂಗಪ್ಪ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದ. ಗಿಡ್ಡ ಹೆಂಗಸು. ಅವನ ಮುಖ ಕಪ್ಪಾಯಿತು.

"ಹೊಡದು ತೋರ್ಸು."

"ತೋರಸ್ತೇನಿ."

ಅಕ್ಬರಸಾಬ ಹ್ಯಾಂಡಲು ತಿರುವಿದ. ಇಂಜಿನ್ನು ಗುರುಗುಟ್ಟಿತು. ಸರೋಜವ್ವ ಡ್ರೈವರನ ಸೀಟಿಗೆ ಹತ್ತಿ ಚಕ್ರ ಹಿಡಿದಳು, ಕೈ ತಾನಾಗಿ ಗೇರಿನ ಮೇಲೆ ಹೋಯಿತು. ಅಷ್ಟೂ ಬರುತ್ತಿತ್ತು. ಎಳೆದಳು. ಗಾಡಿಯೊಳಗೆ ಹಲ್ಲು ಕಡಿದ ಸಪ್ಪಳ. ಮತ್ತೆ ಎಳೆದಳು. ಮತ್ತೆ ಅದೇ. ಕೆಳಗೆ ನೋಡಿದಳು: ಮೂರು ಪೆಡಲು, ಯಾವುದನ್ನು ಯಾವಾಗ ಒತ್ತುವುದೋ ತಿಳಿಯದು. ಹಿಂದಿನ ಸೀಟಿನಿಂದ ಅವನ ಕೈಗಳು ಕಾಣುತ್ತಿದ್ದವು. ಕಾಲು ಎಂದೂ ಕಂಡಿರಲಿಲ್ಲ.

ಮಹಾಲಿಂಗಪ್ಪ ನಕ್ಕ, ತಾಟು ಬಿಟ್ಟು ನಕ್ಕಿದ್ದನಲ್ಲ, ಹಾಗೆ. ಆಳಿನ ಸಲುವಾಗಿ ಸುಳ್ಳು ಹೇಳುವಷ್ಟು ಸೊಕ್ಕು ಬಂತೇ ಎಂದ. ಸರೋಜವ್ವ ಇಳಿಯಲಿಲ್ಲ. ಚಕ್ರವನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಇವತ್ತ ಬರಲಿಲ್ಲ. ನಾಳೆ ಬರ್ತೈತಿ. ಅವನ್ನ ಕಳಿಸಿದ್ರ ನಾನೂ ಅವನ ಹಿಂದ ನಡದ ತವರಿಗೆ ಹೋಗಾಕಿ."

ಪಡಸಾಲೆಯಲ್ಲಿ ಬತ್ತಿ ಹೊಸೆಯುವ ಕೈ ನಿಂತಿತು. ವೀರವ್ವ ಎದ್ದು, ಸೆರಗು ಸಿಗಿಸಿ, ಬಗಲಲ್ಲಿ ಕೌದಿ ಇಟ್ಟುಕೊಂಡು ಮೆಟ್ಟಿಲಿಳಿದು ಬಂದರು. ಕಟ್ಟೆಯ ಮೇಲಿನ ತುಂಡನ್ನು ಎತ್ತಿ ಮಿಸ್ತ್ರಿಯ ಕೈಗೆ ಕೊಟ್ಟರು. ಕೌದಿಯನ್ನು ಡ್ರೈವರನ ಸೀಟಿನ ಮೇಲೆ ಹಾಸಲು ಎತ್ತರಕ್ಕೆ ಮಡಿಸಿದರು.

"ಸರೋಜಾ, ಆ ಕಡೆ ಸರಕೋ, ನನ್ನ ಕಾಲು ನೋಡಿ ಕಲಿ. ಹೂವಪ್ಪಾ, ರಾಡು ಸಡ್ಲ ಇರ್ಲಿ, ಹಲಗಿ ಮಾತ್ರ ಮೊದ್ಲಿನಂಗ ಬಿಗಿ. ನಾ ಕೂಡೂ ಮಣಿ ಕೊಯ್ಸಿ ಮಾಡಿಸಿದ್ದು ಅದು."