ಮನೆ ಯಾವ ಕಡೆ

"ಅಷ್ಟು ದೊಡ್ಡ ಬೆಟ್ಟ ಎದುರಿಗಿದೆ. ಅದನ್ನ ಬಿಟ್ಟು ಪೊದೆ ಫೋಟೋ ಹಿಡೀತಿದೀಯಲ್ಲಮ್ಮ," ಎಂದ ಮುದುಕ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮೊಳದುದ್ದದ ಲೆನ್ಸು ಹೂಡಿಕೊಂಡು, ಉತ್ತರದ ಊರಾದ ಮೊರಿಯೋಕಾದ ಹಳೇ ಕೋಟೆಯ ಕಲ್ಲುಗೋಡೆಯ ಪಕ್ಕ ಬೆಳಗಿನಿಂದ ಬಿಸಿಲಿಗೆ ಕಾಯುತ್ತಿದ್ದವನು. ಬಿಸಿಲು ಬರುವ ಲಕ್ಷಣವೇ ಇರಲಿಲ್ಲವಾದ್ದರಿಂದ ಬೇರೆಯವರಿಗೆ ಬುದ್ಧಿ ಹೇಳಲು ಅವನಿಗೆ ಬೇಕಾದಷ್ಟು ಬಿಡುವಿತ್ತು.

"ಇವಳಿಗೆ ಎಲೆ ಅಂದ್ರೆ ಇಷ್ಟ ತಾತ," ಎಂದು ಸಾತೊಮಿ ಸುಳ್ಳು ಹೇಳಿ, ಆರು ವರ್ಷದ ಮಗಳು ಕೊಟೊನೆಯನ್ನು ಮೇಪಲ್ ಕೊಂಬೆಗಳ ಒಳಕ್ಕೆ ಇನ್ನಷ್ಟು ಒತ್ತಿ ನಿಲ್ಲಿಸಿದಳು. ಶಿಶುವಿಹಾರದ ಹೆಸರಿದ್ದ ಟೋಪಿಯನ್ನು ಆಗಲೇ ಬಿಚ್ಚಿ ಚೀಲಕ್ಕೆ ಸೇರಿಸಿದ್ದಳು. ಬೆಟ್ಟ ಫೋಟೋದಲ್ಲಿ ಬೀಳಬಾರದು, ಕೋಟೆ ಗೋಡೆ ಬೀಳಬಾರದು, ಬೆಂಚಿನ ಮೇಲೆ ಬರೆದ ಊರ ಹೆಸರಂತೂ ಬೀಳಲೇಬಾರದು. ಬರೀ ಮಗಳ ಮುಖ, ಸುತ್ತ ಕೆಂಪು ಎಲೆ.

ಫೋಟೋ ಹೋಗಬೇಕಾದದ್ದು ಮಗಳ ಅಪ್ಪನಿಗೆ. ಅವನ ಕೈಯಲ್ಲಿ ಹೊಡೆಸಿಕೊಂಡು ಸಾಕಾಗಿ, ಒಂದು ಬೆಳಗ್ಗೆ ಮಗಳನ್ನು ಎತ್ತಿಕೊಂಡು ದೂರದ ದಕ್ಷಿಣದ ನಗೊಯಾ ಬಿಟ್ಟು ಇಲ್ಲಿಗೆ ಬಂದವಳು ಸಾತೊಮಿ. ವಿಚ್ಛೇದನ ಕೊಡುವಾಗ ಕೋರ್ಟು ಹೇಳಿದ್ದು ಇಷ್ಟು: ಅಪ್ಪ ಮಗುವನ್ನು ಭೇಟಿಯಾಗುವಂತಿಲ್ಲ, ತಾಯಿ ಮಗಳು ಎಲ್ಲಿದ್ದಾರೆಂದು ಅವನಿಗೆ ತಿಳಿಸಬೇಕಾಗಿಯೂ ಇಲ್ಲ, ಆದರೆ ಋತುವಿಗೊಂದು ಫೋಟೋ ವಕೀಲರ ಮೂಲಕ ಅವನಿಗೆ ತಲುಪಬೇಕು. ಬೇಸಿಗೆಯ ಫೋಟೋವನ್ನು ಅವಳು ಮನೆಯ ಬಿಳಿ ಗೋಡೆಗೆ ಮಗಳನ್ನು ನಿಲ್ಲಿಸಿ ತೆಗೆದು ಕಳಿಸಿದ್ದಳು. ಅವನು ಅದನ್ನೇ ಹಿಡಿದುಕೊಂಡ. ಮಗು ಜೈಲಿನಲ್ಲಿದ್ದ ಹಾಗಿದೆ, ಮುಖದಲ್ಲಿ ನಗುವೇ ಇಲ್ಲ, ಕಣ್ಣಾರೆ ನೋಡಬೇಕು, ಮತ್ತೆ ಕೋರ್ಟಿಗೆ ಹೋಗುತ್ತೇನೆ ಎಂದು ಹೇಳಿ ಕಳಿಸಿದ್ದ.

"ಈ ಸಲ ಮಗು ನಗಲೇಬೇಕು ಸಾತೊಮಿಯವರೇ," ಎಂದಿದ್ದರು ವಕೀಲೆ.

ಹಾಗಾದರೆ ಎಲೆಯೇ ಸರಿ ಎಂದುಕೊಂಡಿದ್ದಳು. ಕೆಂಪಾದ ಮೇಪಲ್ ಯಾವ ಊರಿನಲ್ಲಿಲ್ಲ? ತೊಡಕು ಒಂದೇ. ಚಳಿ ಶುರುವಾಗುತ್ತಿದ್ದಂತೆ ಎಲೆಗೆ ಬಣ್ಣ ಉತ್ತರದಲ್ಲಿ ಮೊದಲು ಏರುತ್ತದೆ, ಆಮೇಲೆ ನಿಧಾನವಾಗಿ ದಕ್ಷಿಣಕ್ಕೆ ಇಳಿಯುತ್ತದೆ. ಯಾವ ವಾರ ಯಾವ ಊರು ಎಂದು ಟೀವಿಯವರು ದಿನಾ ಹೇಳುತ್ತಾರೆ; ಫೋಟೋ ತಲುಪಿದ ದಿನ ನೋಡಿಯೇ ಊರು ಊಹಿಸಬಹುದು. ಅದಕ್ಕೂ ಅವಳಲ್ಲಿ ಉಪಾಯವಿತ್ತು. ನಗೊಯಾದಲ್ಲೂ ಎಲೆ ಕೆಂಪಾಗುವ ತನಕ ಫೋಟೋ ಅವಳ ಹತ್ತಿರವೇ ಇರುತ್ತದೆ.

ನಗು ಮಾತ್ರ ಬರಲೊಲ್ಲದು. "ಅಮ್ಮ, ಇಲ್ಲಿಂದ ನಮ್ಮನೆ ಯಾವ ಕಡೆ?" ಎಂದಳು ಕೊಟೊನೆ.

"ಆ ಸೇತುವೆ ಕಡೆ. ಯಾಕೆ, ಕಾಲು ನೋಯ್ತಾ? ಒಂದು ಸಲ ನಕ್ಕುಬಿಡು, ಹೋಗೋಣ."

ಮಗು ಸೇತುವೆಯ ಕಡೆ ಕೈ ಚಾಚಿ, ತುಟಿ ಬಿಗಿದುಕೊಂಡು ನಿಂತಿತು. ಹೊಳೆಯ ದಂಡೆಯಲ್ಲೂ ಅದೇ ಪ್ರಶ್ನೆ, ಅದೇ ಬಿಗಿದ ಮುಖ. ಮಧ್ಯಾಹ್ನ ಬಸ್ಸು ಹತ್ತಿ ಊರಾಚೆಯ ಗುಡ್ಡದ ದೇಗುಲಕ್ಕೆ ಬರುವ ಹೊತ್ತಿಗೆ ಸಾತೊಮಿಗೆ ಅಳು ಬರುವ ಹಾಗಾಗಿತ್ತು. ರಾತ್ರಿ ಗಾಳಿಮಳೆ ಎಂದಿದ್ದರು. ನಾಳೆ ಮರದಲ್ಲಿ ಎಲೆ ಉಳಿಯುವುದಿಲ್ಲ.

ಮೆಟ್ಟಿಲ ಮೇಲೆ ಕೂತು ಇಬ್ಬರೂ ಅನ್ನದ ಉಂಡೆ ತಿಂದರು. ಸಾತೊಮಿ ಫೋನಿನಲ್ಲಿ ಫೋಟೋಗಳನ್ನು ಒಂದೊಂದಾಗಿ ನೋಡುತ್ತ ಅಳಿಸುತ್ತಿದ್ದಳು. ಎಲ್ಲದರಲ್ಲೂ ಕೊಟೊನೆಯ ಕೈ ಚಾಚಿಕೊಂಡೇ ಇತ್ತು.

"ಏನೇ ಇದು, ಟ್ರಾಫಿಕ್ ಪೊಲೀಸ್ ಥರ?"

"ಅಪ್ಪಂಗೆ."

"ಅಪ್ಪಂಗೆ ಏನು?"

"ಅಪ್ಪಂಗೆ ದಾರಿ ಗೊತ್ತಿಲ್ವಲ್ಲ. ಈ ಕಡೆ ಬಾ ಅಂತ ತೋರಿಸ್ತಿದ್ದೆ." ಕೊಟೊನೆ ಬೆರಳಿಗೆ ಅಂಟಿದ್ದ ಅನ್ನ ನೆಕ್ಕಿದಳು. "ಹೆದರ್ಕೋಬೇಡ ಅಮ್ಮ. ನಿಂಗೆ ಹೊಡೀಬಾರ್ದು ಅಂತ ನಾನು ಹೇಳ್ತೀನಿ."

ಸಾತೊಮಿಗೆ ಮಗಳ ಮೇಲೆ ಕರುಳು ಚುರ್ ಎಂದಿತು. ಅದರ ಹಿಂದೆಯೇ ಹಳೇ ಭಯವೂ ಬಂತು. ಫೋಟೋಕ್ಕೆ ದಿಕ್ಕಿಲ್ಲ, ಚೌಕಟ್ಟಿನ ಅಂಚಿಗೆ ಚಾಚಿದ ಬೆರಳು ಹಿಡಿದುಕೊಂಡು ಯಾರೂ ಮನೆ ಹುಡುಕಲಾರರು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಉಳಿದ ಫೋಟೋಗಳನ್ನೆಲ್ಲ ಅಳಿಸಿಬಿಟ್ಟಳು.

ಬೆಳಕು ಕಂದುತ್ತಿತ್ತು. ಅವಳು ಎದ್ದು ಮಗಳನ್ನು ದೇಗುಲದ ಹಿಂದಿನ ಮೇಪಲ್ ಕೆಳಗೆ ಕರೆದುಕೊಂಡು ಹೋದಳು.

"ಇನ್ನೊಂದೇ ಒಂದು ತೆಗೀತೀನಿ. ಇಲ್ಲಿಂದ ಮನೆ ಯಾವ ಕಡೆ ಅಂತ ಕೇಳಲ್ವಾ?"

ಕೊಟೊನೆ ತಾಯಿಯ ಮುಖವನ್ನೇ ನೋಡಿದಳು. ಬಸ್ಸು ಗುಡ್ಡ ಸುತ್ತಿಕೊಂಡು ಬಂದಿದ್ದರಿಂದ ಅವಳಿಗೆ ದಿಕ್ಕು ತಿಳಿದಿರಲಿಲ್ಲ. "ತೋರಿಸಬಹುದಾ? ಬೈಯಲ್ವಾ?"

"ಬೈಯಲ್ಲ."

"ಅಪ್ಪ ಬರ್ತಾನಾ?"

"ಬರಬಹುದು. ನೀನು ನಗ್ತಾ ತೋರಿಸಿದ್ರೆ."

ಸಾತೊಮಿ ಮಗಳ ಭುಜ ಹಿಡಿದು, ಬಸ್ಸು ಬಂದ ದಾರಿಗೆ ಬೆನ್ನು ಮಾಡಿ ನಿಲ್ಲಿಸಿದಳು. ಎದುರಿಗೆ ದೇವದಾರು ಕಾಡು, ಅದರಾಚೆ ಒಂದೂ ಮನೆಯಿಲ್ಲದ ಬೆಟ್ಟ. "ಈ ಕಡೆ," ಎಂದಳು.

ಕೊಟೊನೆ ತುದಿಗಾಲಲ್ಲಿ ನಿಂತು, ಇದ್ದ ಬಲವೆಲ್ಲ ಹಾಕಿ ಕಾಡಿನ ಕಡೆ ಕೈ ಚಾಚಿದಳು. ಮುಂದಿನ ಹಲ್ಲು ಬಿದ್ದ ಬಾಯಿ ಅಗಲವಾಗಿ ತೆರೆದುಕೊಂಡಿತು.

ಫೋಟೋ ತುಂಬ ಚೆನ್ನಾಗಿ ಬಂತು.