ಮೂಗಿನ ಕೆಳಗಿನ ಕೆಂಪು

ತೊಟ್ಟಿಲಲ್ಲಿದ್ದ ಮಗಳ ಮೂಗಿನ ಕೆಳಗೆ ಇವತ್ತೂ ಕೆಂಪು. ಸುಂದರವ್ವ ನೀರಿನ ಕೊಡ ಇಳಿಸಿದವಳೇ ಕೂಸನ್ನು ಎತ್ತಿಕೊಂಡಳು. ಅದರ ಉಸಿರು ಗೊರಗೊರ ಎನ್ನುತ್ತಿತ್ತು. ಮೂಗಿನ ಎಲುಬೇ ಮುರಿದಿದೆಯೋ ಏನೋ!

ನಾಲ್ಕೈದು ದಿನದಿಂದ ಹೀಗೇ. ಅವಳು ನೀರಿಗೆ ಹೋದಾಗಲೇ ರಕ್ತ. ದೊಡ್ಡವರಿಬ್ಬರೂ ಶಾಲೆಯಲ್ಲಿರುವ ಆ ಹೊತ್ತಿಗೆ ಮನೆಯಲ್ಲಿರುವವನು ಒಬ್ಬನೇ, ಸೀರೆಯ ನೂಲಿಗೆ ಬಣ್ಣ ಹಾಕುವ ಭಟ್ಟಿಯಿಂದ ಊಟಕ್ಕೆ ಬರುವ ಗಂಡ ಹುಲ್ಲಪ್ಪ. ಮೂರನೆಯದೂ ಹೆಣ್ಣು ಎಂದಾಗ ಬೆನ್ನು ತಿರುಗಿಸಿ ಹೋದ ಮಹಾರಾಯ. ಆರು ತಿಂಗಳಾದರೂ ಕೂಸನ್ನು ಹೆಸರು ಹಿಡಿದು ಕರೆದಿಲ್ಲ.

ಕೂಸಿನ ಮೂಗಿಗೆ ಏನಾಯಿತೆಂದು ನಿನ್ನೆ ಅವನನ್ನು ಕೇಳಿಯೂ ನೋಡಿದ್ದಳು.

"ನಾ ಯಾಕ ಮುಟ್ಟಲಿ ಅದನ್ನ?" ಎಂದು ತಲೆ ಎತ್ತದೆ ರೊಟ್ಟಿ ಮುರಿದಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಅವಳಿಗೆ ಅಷ್ಟೇ ಸಾಕಾಗಿತ್ತು.

ಇಳಕಲ್ಲಿನಲ್ಲೇ ತೋರಿಸಿದರೆ ಊರೆಲ್ಲ ಸುದ್ದಿ. ಹುನಗುಂದದ ಬಸ್ಸು ಹತ್ತಿದಳು. ಗಾಯ ಎಂದು ಡಾಕ್ಟರು ಹೇಳಿದರೆ ಮೂವರು ಹೆಣ್ಣುಮಕ್ಕಳನ್ನೂ ಕಟ್ಟಿಕೊಂಡು ತವರಿಗೆ, ತುಳಸಿಗೇರಿಗೆ. ಮತ್ತೆ ಆ ಮನೆಯ ಹೊಸ್ತಿಲು ತುಳಿಯುವವಳಲ್ಲ. ಬಸ್ಸಿನಲ್ಲಿ ಕೂತು ಅತ್ತುಬಿಟ್ಟಳು.

"ತೊಟ್ಟಿಲದಿಂದ ಬಿತ್ರಿ, ಬಾಯಾರ," ಎಂದಳು ದವಾಖಾನೆಯಲ್ಲಿ. ಗಂಡನ ಮಾನ ಇನ್ನೂ ಬಾಯಿ ಕಟ್ಟಿತ್ತು.

ಡಾಕ್ಟರು ನೀಲಾಬಾಯಿ ಕೂಸಿನ ಮೂಗನ್ನು ಮೆಲ್ಲಗೆ ಮುಟ್ಟಿ ಬಾವು ಇದೆಯೇ ನೋಡಿದರು. ಬ್ಯಾಟರಿ ಬೆಳಕು ಬಿಟ್ಟು ಎರಡೂ ಹೊಳ್ಳೆಗಳೊಳಗೆ ಇಣುಕಿದರು. ಹೊಳ್ಳೆಗಳ ಮುಂದೆ ಹತ್ತಿಯ ಎಳೆ ಹಿಡಿದರು. ಎರಡೂ ಕಡೆಯ ಉಸಿರಿಗೆ ಅದು ಅಲುಗಿತು. ಆಮೇಲೆ ಒದ್ದೆ ಹತ್ತಿಯಿಂದ ತುಟಿಯ ಮೇಲಿನ ಕೆಂಪನ್ನು ಒರೆಸಿ, ಹತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಬಿದ್ದದ್ದಲ್ಲ ಇದು. ಯಾರ ಕೈಕೆಲಸ? ಖರೆ ಹೇಳು."

ಸುಂದರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇದರ ಅಪ್ಪಂದರಿ."

ಅಷ್ಟರಲ್ಲಿ ಅವನೇ ಬಾಗಿಲಲ್ಲಿ! ಅವಳು ಕೂಸಿನೊಂದಿಗೆ ಬಸ್ಸು ಹತ್ತಿದ್ದನ್ನು ಕಂಡ ಯಾರೋ ಭಟ್ಟಿಗೆ ಸುದ್ದಿ ಮುಟ್ಟಿಸಿದ್ದರು. ಕೆಲಸ ಬಿಟ್ಟು ಸೈಕಲ್ ತುಳಿದು ಬಂದಿದ್ದ, ಮೈಯೆಲ್ಲ ಬೆವರು. ಬಾಯಿ ಮುಚ್ಚಿಸಲು ಬಂದಿದ್ದಾನೆ ಎಂದುಕೊಂಡ ಸುಂದರವ್ವ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು.

"ಕೂಸಿಗೆ ಏನಾಗೇತ್ರಿ?" ಎನ್ನುತ್ತ ಅವನು ಒಳಗೆ ನುಗ್ಗಿದ.

"ಮೊದಲ ಕೈ ತೋರಸಪಾ."

ಹುಲ್ಲಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡ. ಡಾಕ್ಟರು ಗದರಿದ ಮೇಲೆ, ಸಿಕ್ಕಿಬಿದ್ದವನ ಮುಖ ಮಾಡಿ ಚಾಚಿದ. ನೀಲಾಬಾಯಿ ಹತ್ತಿಯನ್ನು ಅವನ ಕೆಂಪಡರಿದ ಬೆರಳ ಪಕ್ಕಕ್ಕೆ ಹಿಡಿದು ಸುಂದರವ್ವನ ಕಡೆ ತಿರುಗಿದರು.

"ರಕ್ತ ಅಲ್ಲವ್ವ ಇದು, ಭಟ್ಟಿ ಬಣ್ಣ. ಕೂಸಿಗೆ ನೆಗಡಿ ಆಗೇದ. ನೀ ಇಲ್ಲದಾಗ ಇಂವ ದಿನಾ ಕದ್ದು ಸಿಂಬಳ ಒರಸ್ಯಾನ."