ಎಡಗಡೆಯ ಹಬ್

ಇವತ್ತು ಅಳಿಯ ಜೀಪಿನ ಮುಂದಿನ ಗಾಲಿಯ ನಡುವಿನ ಹಬ್ ಬಿಚ್ಚಿದ. ಗ್ರೀಸಿನ ವಾಸನೆ ಬಂದೊಡನೆ ನಾನು ಹೋಗಿ ಗ್ರೀಸು ಡಬ್ಬಿಯ ಮುಚ್ಚಳ ಹಾಕಿದೆ.

ನೆನಪಾದದ್ದು ಅಪ್ಪನ ಜೀಪು; ನನಗಾಗ ಒಂಬತ್ತು ವರ್ಷ. ಅಪ್ಪ ಪ್ರತಿ ಭಾನುವಾರ ಜೀಪಿನ ಎರಡೂ ಹಬ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ಸವರುತ್ತಿದ್ದ. ಕೆಸರಿನಲ್ಲಿ ಅವೆರಡನ್ನೂ ಕೈಯಿಂದ ತಿರುಗಿಸಿದರೆ ಮಾತ್ರ ಮುಂದಿನ ಗಾಲಿಗಳೂ ಎಳೆಯುತ್ತಿದ್ದವು. ಆ ವಾರ ಎಡಗಡೆಯದನ್ನು ನನಗೆ ಬಿಟ್ಟ.

"ತೆಳ್ಳಗ ಹಚ್ಚವ್ವಾ. ರೊಟ್ಟಿಗೆ ಬೆಣ್ಣಿ ಮೆತ್ತಿದಂಗ ಮೆತ್ತಬ್ಯಾಡ."

ಜೀಪಿಗೆ ಒಳ್ಳೆಯದಾಗಲಿ ಎಂದು ನಾನು ಹಬ್ಬಿನ ಒಳಗೆಲ್ಲ ಗ್ರೀಸು ತುಂಬಿದೆ.

ಎರಡು ದಿನ ಕಳೆದ ಮೇಲೆ, ಮಧ್ಯಾಹ್ನ, ಹೆರಿಗೆ ನೋವು ಬಂದ ಅತ್ತೆಯನ್ನು ಬಾಗಲಕೋಟೆಗೆ ಒಯ್ಯುತ್ತಿದ್ದೆವು. ಶಿರೂರಿನ ಆಚೆ ಹಳ್ಳದ ಎರೆಕೆಸರಿನಲ್ಲಿ ಜೀಪು ಹೂತಿತು. ಹಳ್ಳದ ನೀರು ಏರುತ್ತಿತ್ತು. ಅಪ್ಪ ಮೊಣಕಾಲುದ್ದ ನೀರಿಗೆ ಇಳಿದ. ಬಲಗಡೆಯ ಹಬ್ ಸುಲಭವಾಗಿ ತಿರುಗಿತು. ಎಡಗಡೆಯದು ಅರ್ಧಕ್ಕೇ ನಿಂತಿತು. ಮತ್ತೆ ತಿರುಗಿಸಿದ, ಕೂಡಲಿಲ್ಲ.

"ಅಣ್ಣಾ, ಲಗೂನ ಮಾಡೋ, ತಡಿಯಾಕ ಆಗವಲ್ದು," ಎಂದು ಅತ್ತೆ ನನ್ನ ಕೈ ಹಿಂಡಿದಳು. ನೀರು ಅಪ್ಪನ ತೊಡೆಗೆ ಬಂದ ಮೇಲೆ ಹೇಳಿದೆ:

"ಅಪ್ಪಾ, ನಾ ಅರ್ಧ ಡಬ್ಬಿ ಹಚ್ಚೇನಿ."

ಅಪ್ಪ ನನ್ನನ್ನು ನೋಡಲಿಲ್ಲ. "ಪಾನಾ ಕೊಡು," ಎಂದ. ನಾನು ಕೊಟ್ಟ ಸ್ಪ್ಯಾನರಿನಿಂದ ನೀರಿನಲ್ಲೇ ಕೈಯಾಡಿಸಿ ಬೋಲ್ಟು ಬಿಚ್ಚಿದ, ಗ್ರೀಸನ್ನು ಬೆರಳಿನಿಂದ ತೋಡಿ ತೆಗೆದ, ಟವೆಲ್ಲಿನಿಂದ ಒರೆಸಿ ಮತ್ತೆ ಕೂಡಿಸಿದ. ಹಬ್ ಕಟಕ್ಕೆಂದಿತು. ಜೀಪು ದಡ ಹತ್ತಿತು. ದವಾಖಾನೆಯ ಬಾಗಿಲು ದಾಟಿದೊಡನೆ ಅತ್ತೆ ಹೆತ್ತಳು.

ಮುಂದಿನ ಭಾನುವಾರ ಅಪ್ಪ ಎಡಗಡೆಯ ಹಬ್ಬನ್ನೇ ತಂದು ನನ್ನ ಮುಂದಿಟ್ಟ. ನನ್ನ ಬೆರಳು ಡಬ್ಬಿಯ ಬಾಯಲ್ಲೇ ನಿಂತಿತು. ಅಪ್ಪ ಆ ಬೆರಳನ್ನು ಹಿಡಿದು, ಗ್ರೀಸಿನಲ್ಲಿ ಒಂದೇ ಒಂದು ಸಲ ಅದ್ದಿದ.